ನೂರಕ್ಕೆ 99 ಸರಿ, ಆದರೆ ಯಾರಿಗೆ?

ಕೆಲವು ವರ್ಷಗಳ ಹಿಂದೆ ಮುಖ ಗುರುತಿಸುವ ಸಾಫ್ಟ್‌ವೇರ್ ಒಂದನ್ನು ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೊಳ್ಳಲು ಹೊರಟಿದ್ದು ಒಂದು ಸರ್ಕಾರಿ ಇಲಾಖೆ. ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇಡುವುದು, ಹಾದುಹೋಗುವ ಪ್ರತಿ ಮುಖವನ್ನೂ ಪೊಲೀಸರಿಗೆ ಬೇಕಾದವರ ಪಟ್ಟಿಯ ಜೊತೆ ಹೋಲಿಸುವುದು, ಹೊಂದಿದರೆ ಅಲರ್ಟ್ ಕೊಡುವುದು. ಇಷ್ಟೇ ಕೆಲಸ. ಕಂಪನಿಯವರು ಕೊಟ್ಟ ಹಾಳೆಯಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಸರಿ ಬರುತ್ತದೆ ಅಂತಿತ್ತು. ನಾನೂ ಮೊದಲು ತಲೆಯಾಡಿಸಿದೆ.

ಆಮೇಲೆ ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. ದಿನಕ್ಕೆ ಒಂದು ಲಕ್ಷ ಜನ ಹಾದುಹೋಗುತ್ತಾರೆ ಅಂದುಕೊಳ್ಳಿ. ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿದರೂ ನೂರು ಸುಳ್ಳು ಅಲರ್ಟ್ ಬರುತ್ತವೆ. ಪಟ್ಟಿಯಲ್ಲಿರುವವರು ಆ ದಿನ ನಿಜವಾಗಿ ಐದು ಜನ ಬಂದಿರಬಹುದು. ಅಂದರೆ ತಡೆದು ನಿಲ್ಲಿಸಿದ 105 ಜನರಲ್ಲಿ ನೂರು ಮಂದಿ ಏನೂ ಮಾಡದವರು! ಇದು ಬರೀ ಕಾಗದದ ಲೆಕ್ಕವೂ ಅಲ್ಲ. 2017ರಲ್ಲಿ ಬ್ರಿಟನ್‌ನ ಕಾರ್ಡಿಫ್‌ನಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ನಡೆದಾಗ ಸೌತ್ ವೇಲ್ಸ್ ಪೊಲೀಸರ ವ್ಯವಸ್ಥೆ 2,470 ಅಲರ್ಟ್ ಕೊಟ್ಟಿತ್ತು. ಅದರಲ್ಲಿ 2,297 ತಪ್ಪು.

ಮುಂದಿನ ಪ್ರಶ್ನೆ, ಆ ತಪ್ಪು ಯಾರ ತಲೆಗೆ ಬರುತ್ತದೆ ಅನ್ನೋದು. ಪರೀಕ್ಷೆಯ ಫೋಟೊಗಳನ್ನು ಮೈಬಣ್ಣ, ಲಿಂಗ, ವಯಸ್ಸು ನೋಡಿ ಬೇರೆ ಬೇರೆ ಗುಂಪು ಮಾಡಿದೆ. ಒಬ್ಬರ ಮುಖ ನೋಡಿ ಬಣ್ಣದ ಚೀಟಿ ಅಂಟಿಸೋದು ಹೇಳಿಕೊಳ್ಳುವಂಥ ಕೆಲಸವೇನಲ್ಲ, ಮುಜುಗರವೇ ಆಯಿತು, ಆದರೆ ಅದನ್ನು ಮಾಡದಿದ್ದರೆ ಎಲ್ಲವೂ ಒಂದು ಸರಾಸರಿಯೊಳಗೆ ಮುಚ್ಚಿಹೋಗುತ್ತದೆ. ಬಿಡಿಸಿ ನೋಡಿದರೆ ಸುಳ್ಳು ಅಲರ್ಟ್‌ಗಳೆಲ್ಲ ಕಪ್ಪು ಮೈಬಣ್ಣದವರ ಕಡೆಗೇ ವಾಲಿದ್ದವು, ಹೆಂಗಸರಲ್ಲಿ ಇನ್ನೂ ಜಾಸ್ತಿ. ನನಗೇನೂ ಆಶ್ಚರ್ಯ ಆಗಲಿಲ್ಲ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಮುಖ ಗುರುತಿಸುವ 189 ಅಲ್ಗಾರಿದಂಗಳನ್ನು ಪರೀಕ್ಷಿಸಿದಾಗಲೂ ಎರಡು ಫೋಟೊ ಹೋಲಿಸುವ ಕೆಲಸದಲ್ಲಿ ಏಷ್ಯನ್ನರು ಮತ್ತು ಆಫ್ರಿಕನ್ ಅಮೆರಿಕನ್ನರ ಮುಖಗಳು ತಪ್ಪಾಗಿ ಹೊಂದುವುದು, ಅಲ್ಗಾರಿದಂ ಯಾವುದು ಅನ್ನೋದರ ಮೇಲೆ, ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ಎಲ್ಲದರಲ್ಲೂ ಹಾಗಿರಲಿಲ್ಲ, ಕೆಲವದರಲ್ಲಿ ವ್ಯತ್ಯಾಸ ತೀರಾ ಕಡಿಮೆ. ಅಂದರೆ ಸರಿಮಾಡಲು ಆಗುತ್ತದೆ, ಮಾಡಿಲ್ಲ ಅಷ್ಟೇ.

ಥ್ರೆಶೋಲ್ಡ್ ಏರಿಸಿದರೆ, ಅಂದರೆ ಎಷ್ಟು ಹೋಲಿಕೆ ಇದ್ದರೆ ಅಲರ್ಟ್ ಅನ್ನುವ ಗೆರೆಯನ್ನು ಮೇಲೆ ಎಳೆದರೆ, ಸುಳ್ಳು ಕಡಿಮೆಯಾಗುತ್ತದೆ. ಜೊತೆಗೆ ನಿಜವಾಗಿ ಬೇಕಾದವರೂ ಒಂದಿಷ್ಟು ಜನ ತಪ್ಪಿಸಿಕೊಳ್ಳುತ್ತಾರೆ. ಆ ಗೆರೆ ಎಲ್ಲಿರಬೇಕು ಅನ್ನೋದು ಎಂಜಿನಿಯರ್ ತೀರ್ಮಾನ ಅಲ್ಲ ಅಲ್ವಾ? ಆದರೆ ಅದು ಸೆಟ್ಟಿಂಗ್ಸ್‌ನಲ್ಲಿ ಕಂಪನಿ ಇಟ್ಟಿದ್ದ ಹಾಗೇ ಕೂತಿತ್ತು. ಯಾರೂ ಮುಟ್ಟಿರಲಿಲ್ಲ.

ನನಗೆ ನಿಜಕ್ಕೂ ಭಯ ಆಗಿದ್ದು ಆಪರೇಟರ್ ಪಕ್ಕ ಕೂತಾಗ. ಪರದೆಯಲ್ಲಿ ಎಡಕ್ಕೆ ಕ್ಯಾಮೆರಾದ ಮಸುಕು ಮುಖ, ಬಲಕ್ಕೆ ಪಟ್ಟಿಯ ಫೋಟೊ, ಸುತ್ತ ಕೆಂಪು ಚೌಕ. ‘ಹೌದು’ ಅನ್ನಲು ಒಂದು ಕ್ಲಿಕ್. ‘ಅಲ್ಲ’ ಅನ್ನಬೇಕಾದರೆ ಇನ್ನೊಂದು ಕಿಟಕಿ ತೆರೆದುಕೊಂಡು ಕಾರಣ ಕೇಳುತ್ತದೆ, ಆರಿಸಿ ಮತ್ತೆ ಒತ್ತಬೇಕು. ಸುಸ್ತಾದ ಮನುಷ್ಯ ಪಾಳಿಯ ಕೊನೆಯ ಗಂಟೆಯಲ್ಲಿ ಯಾವುದನ್ನು ಒತ್ತುತ್ತಾನೆ ಹೇಳಿ. ‘ಕೊನೆಗೆ ಮನುಷ್ಯ ನೋಡುತ್ತಾನಲ್ಲ’ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಅಮೆರಿಕದ ಡೆಟ್ರಾಯ್ಟ್ ಪೊಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಅವರನ್ನು ಹೆಂಡತಿ ಮಕ್ಕಳ ಎದುರೇ ಬಂಧಿಸುವ ಮೊದಲೂ ಮನುಷ್ಯರೇ ನೋಡಿದ್ದರು. ಅಂಗಡಿಯೊಂದರ ಕ್ಯಾಮೆರಾದ ಮಬ್ಬು ಚಿತ್ರ ಅವರ ಹಳೆಯ ಲೈಸೆನ್ಸ್ ಫೋಟೊಗೆ ಹೊಂದಿತು ಅಂತ ಮಾಡದ ಕಳ್ಳತನಕ್ಕೆ ಸುಮಾರು 30 ಗಂಟೆ ಒಳಗಿಟ್ಟಿದ್ದರು.

ಇನ್ನೊಂದು ವಿಷಯ. ಹೊಂದದ ಮುಖಗಳನ್ನು ತಕ್ಷಣ ಅಳಿಸುತ್ತೇವೆ ಅಂತ ಒಪ್ಪಂದದಲ್ಲಿತ್ತು, ಲಾಗ್‌ನಲ್ಲೂ ‘ಅಳಿಸಲಾಗಿದೆ’ ಅಂತಲೇ ಬರುತ್ತಿತ್ತು. ಬ್ಯಾಕಪ್ ತೆರೆದು ನೋಡಿದೆ. ಅಲ್ಲಿ ಎಲ್ಲರೂ ಇದ್ದರು, ಪರೀಕ್ಷೆಗೆ ಅಂತ ಕ್ಯಾಮೆರಾ ಮುಂದೆ ಓಡಾಡಿದ್ದ ನಾನೂ ಸೇರಿ. ಮೂರು ಸಲ ಹಾದುಹೋಗಿದ್ದೆ, ಮೂರೂ ಸಮಯದ ಸಮೇತ. ಇದೇ ಕ್ಯಾಮೆರಾ ಒಂದು ಪ್ರತಿಭಟನೆಯ ದಾರಿಯಲ್ಲಿ ಇದ್ದರೆ ಯಾರು ಯಾರ ಜೊತೆ ಬಂದರು ಅನ್ನೋದನ್ನು ಯಾರೂ ಹೇಳಬೇಕಿಲ್ಲ. ಹಾಗೆ ದಾಖಲಾಗುತ್ತದೆ ಅಂತ ಗೊತ್ತಾದರೆ ನಾನೇ ಹೋಗಲು ಹಿಂದೆಮುಂದೆ ನೋಡುತ್ತೇನೆ.

ವರದಿ ಬರೆದೆ. ಗುಂಪುವಾರು ಪಟ್ಟಿಯನ್ನು ಕೊನೆಗೆ ಹಾಕಿ ಅಂದರು, ನಾನು ಮೊದಲ ಪುಟದಲ್ಲೇ ಇರಬೇಕು ಅಂತ ಹಟ ಹಿಡಿದೆ. ಯಾವ ಡೇಟಾದಲ್ಲಿ ತರಬೇತಿ ಕೊಟ್ಟಿದ್ದೀರಿ ಅಂತ ಕಂಪನಿಯನ್ನು ಕೇಳಿದರೆ ವ್ಯಾಪಾರದ ಗುಟ್ಟು ಅಂದರು. ಅದೇ ಸೌತ್ ವೇಲ್ಸ್ ಪೊಲೀಸರ ಕ್ಯಾಮೆರಾಗಳ ವಿರುದ್ಧ ಬ್ರಿಟನ್‌ನಲ್ಲಿ ಎಡ್ ಬ್ರಿಡ್ಜಸ್ ಅನ್ನುವವರು ಹೂಡಿದ್ದ ಪ್ರಕರಣದಲ್ಲೂ ಇದೇ ಉತ್ತರ ಬಂದಿತ್ತು. 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಸಾಫ್ಟ್‌ವೇರ್ ತಾರತಮ್ಯ ಮಾಡುತ್ತದೋ ಇಲ್ಲವೋ ಅಂತ ಪೊಲೀಸರು ತಾವೇ ಸರಿಯಾಗಿ ಪರಿಶೀಲಿಸಿಲ್ಲ ಅಂದಿತ್ತು. ಆ ಒಂದು ಸಾಲನ್ನು ವರದಿಗೆ ಸೇರಿಸಿದ ಮೇಲೆ ಸಭೆಯ ಮಾತಿನ ಧಾಟಿಯೇ ಬದಲಾಯಿತು.

‘ಅಲ್ಲ’ ಅನ್ನುವುದೂ ಈಗ ಒಂದೇ ಕ್ಲಿಕ್. ಥ್ರೆಶೋಲ್ಡ್ ಏರಿಸಿದರು. ಬ್ಯಾಕಪ್ ಬಗ್ಗೆ ಎರಡು ಸಲ ಪತ್ರ ಬರೆದೆ, ‘ಪರಿಶೀಲನೆಯಲ್ಲಿದೆ’ ಅಂತ ಎರಡು ಸಲವೂ ಉತ್ತರ ಬಂತು.