ಕರಾವಳಿ ಹವೆಗೊಪ್ಪುವ ಅಣಬೆ ಹೊದಿಕೆ: ಕ್ರೋಶಾದಲ್ಲಿ ಹೆಣೆಯುವ ಬಗೆ

ಅಂತರ್ಜಾಲದಲ್ಲಿ ಸಿಗುವ ಅಣಬೆ ಹೊದಿಕೆಯ ವಿನ್ಯಾಸಗಳಲ್ಲಿ ಹೆಚ್ಚಿನವು ಚಳಿ ದೇಶಗಳಿಗೆ ಹೊಂದುವಂಥವು. ದಪ್ಪ ಉಣ್ಣೆ ನೂಲು, ಅದರ ಮೇಲೆ ಬೇರೆಯಾಗಿ ಹೆಣೆದು ಹೊಲಿದ ಉಬ್ಬು ಅಣಬೆಗಳು, ಎತ್ತಿದರೆ ಕೈ ಸೋಲುವ ಭಾರ. ಅದನ್ನೇ ಮಂಗಳೂರಿನಲ್ಲೋ ಉಡುಪಿಯಲ್ಲೋ ಮಾಡಿದರೆ ಬೇಸಿಗೆಯಲ್ಲಿ ಹೊದೆಯಲಾಗದು, ಮಳೆಗಾಲದಲ್ಲಿ ಒಗೆಯಲಾಗದು. ಎರಡು ಪದರ ಸೇರಿದ ಕಡೆ ತೇವ ಉಳಿದು ಮುಗ್ಗಲು ಹಿಡಿಯುತ್ತದೆ, ಬೂಷ್ಟು ಮೊದಲು ಏಳುವುದೂ ಅಲ್ಲೇ. ಹಾಗಾಗಿ ಇಲ್ಲಿ ಕೊಟ್ಟಿರುವ ಕ್ರಮದಲ್ಲಿ ಅಣಬೆಯನ್ನು ಮೇಲೆ ಹೊಲಿಯುವುದಿಲ್ಲ, ಬಣ್ಣ ಬದಲಿಸುತ್ತಾ ಚೌಕದೊಳಗೇ ಹೆಣೆಯುತ್ತೇವೆ. ಇಡೀ ಹೊದಿಕೆ ಒಂದೇ ಪದರ. ಅಳತೆ ಸುಮಾರು 82 × 98 ಸೆಂ.ಮೀ., ತೂಕ 400 ಗ್ರಾಂ ಆಸುಪಾಸು. ಸೋಫಾದ ಮೇಲೆ ಹಾಸಲು, ಫ್ಯಾನಿನ ಕೆಳಗೆ ಕೂತು ಓದುವಾಗ ಕಾಲ ಮೇಲೆ ಹೊದೆಯಲು ಇಷ್ಟು ಸಾಕು.

ಸೀರೆಗೆ ಕ್ರೋಶಾ ಕುಚ್ಚು ಹಾಕಿ ಅಭ್ಯಾಸ ಇರುವವರಿಗೆ ಚೈನ್, ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ ಹೊಸತಲ್ಲ. ಇದಕ್ಕೆ ಬೇಕಾದದ್ದು ಆ ಮೂರೇ. ಒಂದು ಎಚ್ಚರಿಕೆ: ಇಲ್ಲಿ ಬಳಸಿರುವುದು ಈಗಿನ ಯೂಟ್ಯೂಬ್ ಪಾಠಗಳಲ್ಲಿ ಹೆಚ್ಚಾಗಿ ಕೇಳುವ ಅಮೆರಿಕದ ಹೆಸರುಗಳು. ಬ್ರಿಟಿಷ್ ಪದ್ಧತಿಯ ಹಳೆಯ ಪುಸ್ತಕಗಳಲ್ಲಿ ಇದೇ ಸಿಂಗಲ್ ಕ್ರೋಶಾವನ್ನು ಡಬಲ್ ಎಂದೂ, ಡಬಲ್ ಅನ್ನು ಟ್ರೆಬಲ್ ಎಂದೂ ಬರೆದಿರುತ್ತಾರೆ. ಎರಡನ್ನೂ ಕಲಸಿದರೆ ಚೌಕದ ಎತ್ತರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ನೂಲು, ಕಡ್ಡಿ, ಬಣ್ಣ

ಹತ್ತಿ ನೂಲು ಅಥವಾ ಹತ್ತಿ-ಅಕ್ರಿಲಿಕ್ ಮಿಶ್ರ ನೂಲು ಆರಿಸಿ. ಶುದ್ಧ ಹತ್ತಿ ಮೈಗೆ ಹಿತ, ಆದರೆ ನೀರು ಹೀರಿ ಭಾರವಾಗುತ್ತದೆ, ಒಣಗುವುದು ನಿಧಾನ. ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ನಮ್ಮ ಸೆಕೆಯಲ್ಲಿ ಮೈಗೆ ಅಂಟುತ್ತದೆ. ಬಿಸಿಲು ಬೀಳುವ ಅಂಗಳ ಇರುವ ಮನೆಗೆ ಹತ್ತಿಯೇ ಸೈ. ಫ್ಲ್ಯಾಟ್‌ನ ಬಾಲ್ಕನಿಯಲ್ಲೇ ಒಣಗಿಸಬೇಕಾದವರಿಗೆ ಮಿಶ್ರ ನೂಲು ಮೇಲು.

ಲೇಬಲ್‌ನಲ್ಲಿ ಬರೆದ ಪ್ಲೈ (ಎಳೆ) ಸಂಖ್ಯೆಯನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ 4 ಪ್ಲೈ ಇನ್ನೊಂದರ 8 ಪ್ಲೈಯಷ್ಟು ದಪ್ಪ ಇರಬಹುದು. ನೋಡಬೇಕಾದದ್ದು ಉದ್ದ: ಹತ್ತಿಯಾದರೆ 100 ಗ್ರಾಂಗೆ 200ರಿಂದ 230 ಮೀಟರ್ ಇರಲಿ. ಕಡ್ಡಿ 4 ಮಿ.ಮೀ., ಅಲ್ಯೂಮಿನಿಯಂನದು. ಕುಚ್ಚಿಗೆ, ಲೇಸಿಗೆ ಬಳಸುವ ಸಪೂರ ಸ್ಟೀಲ್ ಕಡ್ಡಿ ಈ ನೂಲಿಗೆ ಆಗದು. ಬಿದಿರಿನ ಕಡ್ಡಿ ಬೆವರಿದ ಕೈಯಲ್ಲಿ ನೂಲಿಗೆ ಅಂಟಿಕೊಂಡು ಜಾರದೆ ಕಾಡುತ್ತದೆ.

ಬೇಕಾದ ನೂಲು: ತಿಳಿ ಪಾಚಿ ಹಸಿರು 400 ಗ್ರಾಂ, ಹಂಚಿನ ಕೆಂಪು 50, ಕಂದು 50, ಕೆನೆ ಬಣ್ಣ 50. ಹಸಿರು ನೂಲನ್ನು ಒಮ್ಮೆಲೇ ಕೊಳ್ಳಿ, ಎಲ್ಲ ಉಂಡೆಗಳ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಬೇರೆ ಲಾಟ್‌ನ ಹಸಿರು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೇ ಥರ ಕಂಡು, ಬಿಸಿಲಿಗೆ ಬಂದಾಗ ಪಟ್ಟೆ ಪಟ್ಟೆಯಾಗಿ ಎದ್ದು ತೋರುತ್ತದೆ.

ಬಣ್ಣಗಳನ್ನು ಬದಲಿಸುವುದಾದರೆ ಒಂದು ನಿಯಮ ಇಟ್ಟುಕೊಳ್ಳಿ: ಕಾಂಡ ಅತಿ ತಿಳಿ, ಹಿನ್ನೆಲೆ ನಡುವಣ, ತೊಪ್ಪಿ ಗಾಢ. ಉಂಡೆಗಳನ್ನು ಒಟ್ಟಿಗಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಂಡರೆ, ಹೊದಿಕೆಯನ್ನು ಎರಡು ಮಾರು ದೂರದಿಂದ ನೋಡಿದಾಗ ಅಣಬೆ ಕಾಣಿಸದು.

ಕೆಂಪು ನೂಲು ಬಣ್ಣ ಬಿಡುತ್ತದೆಯೇ ಎಂಬುದನ್ನು ಹೆಣೆಯುವ ಮೊದಲೇ ಪರೀಕ್ಷಿಸಿ. ಒಂದು ಮೊಳ ನೂಲನ್ನು ಬೆಚ್ಚಗಿನ ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ಹಿಂಡಿ. ಬಟ್ಟೆ ಕೆಂಪಾದರೆ ಉಂಡೆಯನ್ನು ಲಡಿಯಾಗಿ ಸುತ್ತಿ, ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ.

ಮೊದಲು ಅಳತೆ ತುಂಡು

20 ಸ್ಟಿಚ್, 22 ಸಾಲಿನ ಒಂದು ತುಂಡನ್ನು ಸಿಂಗಲ್ ಕ್ರೋಶಾದಲ್ಲಿ ಹೆಣೆದು, ಒಗೆದು, ಒಣಗಿದ ಮೇಲೆ ಅಳೆಯಿರಿ. ನಡುವಿನ 10 ಸೆಂ.ಮೀ.ಯಲ್ಲಿ 16 ಸ್ಟಿಚ್, 18 ಸಾಲು ಬರಬೇಕು. ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, 4.5 ಮಿ.ಮೀ. ಕಡ್ಡಿ ಹಿಡಿಯಿರಿ. ಕಡಿಮೆ ಬಂದರೆ 3.5ಕ್ಕೆ ಇಳಿಯಿರಿ. ಒಗೆಯದೆ ಅಳೆದ ಲೆಕ್ಕಕ್ಕೆ ಅರ್ಥವಿಲ್ಲ, ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ.

ಅಣಬೆ ಚೌಕ

ಒಟ್ಟು 30 ಚೌಕ: 15 ಅಣಬೆಯದು, 15 ಖಾಲಿ. ಅಣಬೆ ಚೌಕ 24 ಸ್ಟಿಚ್ ಅಗಲ, 27 ಸಾಲು ಎತ್ತರ, ಅಂದರೆ 15 ಸೆಂ.ಮೀ.ಗೆ 15 ಸೆಂ.ಮೀ. ಚಿತ್ರದ ಎಡ-ಬಲ ಒಂದೇ ಆಗಿರುವುದರಿಂದ ಸಾಲನ್ನು ಯಾವ ಕಡೆಯಿಂದ ಓದಬೇಕೆಂಬ ಗೊಂದಲವಿಲ್ಲ.

ಹೆಣೆಯುವ ಮೊದಲು ನೂಲನ್ನು ಕತ್ತರಿಸಿ ರಟ್ಟಿನ ಚೂರಿಗೆ ಸುತ್ತಿಡಿ: ಕಾಂಡಕ್ಕೆ ಕೆನೆ 2 ಮೀಟರ್, ತೊಪ್ಪಿಗೆ ಕೆಂಪು 6 ಮೀಟರ್, ಅಣಬೆಯ ಇನ್ನೊಂದು ಪಕ್ಕಕ್ಕೆ ಹಸಿರು 5 ಮೀಟರ್. ಮೊದಲ ಪಕ್ಕಕ್ಕೆ ಉಂಡೆಯ ಹಸಿರೇ ಬರುತ್ತದೆ.

25 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿನಿಂದ ಶುರುಮಾಡಿ 24 ಸಿಂಗಲ್ ಕ್ರೋಶಾ. ಪ್ರತಿ ಸಾಲಿನ ಕೊನೆಗೆ 1 ಚೈನ್ ಹಾಕಿ ತಿರುಗಿಸಿ. ಆ ಚೈನು ಲೆಕ್ಕಕ್ಕಿಲ್ಲ, ಮುಂದಿನ ಸಾಲಿನ ಮೊದಲ ಸ್ಟಿಚ್ ಅದರ ಬುಡದಲ್ಲೇ ಬೀಳಬೇಕು. ಚೌಕ ಮೇಲಕ್ಕೆ ಹೋದಂತೆ ಕಿರಿದಾಗುವುದು ಇಲ್ಲಿ ತಪ್ಪುವುದರಿಂದಲೇ. ಸಾಲಿನ ಮೊದಲ ಮತ್ತು ಕೊನೆಯ ಸ್ಟಿಚ್‌ಗೆ ಬೇರೆ ಬಣ್ಣದ ದಾರದ ಗುರುತು ಹಾಕಿಕೊಂಡರೆ ಎಣಿಕೆ ತಪ್ಪದು.

ಸಾಲುಗಳು ಕೆಳಗಿನಿಂದ ಮೇಲಕ್ಕೆ ಹೀಗೆ:

1–4: ಹಸಿರು 24
5–6: ಹಸಿರು 8, ಕೆನೆ 8, ಹಸಿರು 8
7–12: ಹಸಿರು 9, ಕೆನೆ 6, ಹಸಿರು 9
13–16: ಹಸಿರು 3, ಕೆಂಪು 18, ಹಸಿರು 3
17–18: ಹಸಿರು 4, ಕೆಂಪು 16, ಹಸಿರು 4
19–20: ಹಸಿರು 5, ಕೆಂಪು 14, ಹಸಿರು 5
21: ಹಸಿರು 6, ಕೆಂಪು 12, ಹಸಿರು 6
22: ಹಸಿರು 7, ಕೆಂಪು 10, ಹಸಿರು 7
23: ಹಸಿರು 9, ಕೆಂಪು 6, ಹಸಿರು 9
24–27: ಹಸಿರು 24

ಬಣ್ಣ ಬದಲಿಸುವ ಕೈಚಳಕದ ಮೇಲೆ ಇಡೀ ಚಿತ್ರ ನಿಂತಿದೆ. ಹೊಸ ಬಣ್ಣದ ಹಿಂದಿನ ಸ್ಟಿಚ್‌ನಲ್ಲೇ ಬದಲಾವಣೆ ಆಗಬೇಕು: ಹಳೆಯ ಬಣ್ಣದಿಂದ ಕುಣಿಕೆ ಎಳೆದು, ಕಡ್ಡಿಯಲ್ಲಿ ಎರಡು ಕುಣಿಕೆ ಇರುವಾಗ ಹೊಸ ಬಣ್ಣವನ್ನು ಸುತ್ತಿ ಎರಡರೊಳಗಿಂದಲೂ ಎಳೆಯಿರಿ. ಸ್ಟಿಚ್ ಮುಗಿಸಿ ಆಮೇಲೆ ಬದಲಿಸಿದರೆ ಹಳೆಯ ಬಣ್ಣ ಮುಂದಿನ ಸ್ಟಿಚ್‌ನ ತಲೆಯ ಮೇಲೆ ಕೂತು, ತೊಪ್ಪಿಯ ಅಂಚು ಹಲ್ಲುಹಲ್ಲಾಗುತ್ತದೆ. ಬಿಟ್ಟ ನೂಲು ಯಾವಾಗಲೂ ಹಿಂಬದಿಗೆ ಇರಬೇಕು. ಅಂದರೆ ಹಿಂಬದಿ ನಿಮ್ಮ ಕಡೆ ತಿರುಗಿರುವ ಸಾಲುಗಳಲ್ಲಿ ಅದನ್ನು ನಿಮ್ಮ ಕಡೆಗೇ ಎಳೆದು ಬಿಡಿ.

ತುಸು ಕಷ್ಟದ ಸಾಲು 13ನೆಯದು. ಅಲ್ಲಿಗೆ ಕಾಂಡ ಮುಗಿದು ತೊಪ್ಪಿ ಒಮ್ಮೆಲೇ ಎರಡೂ ಬದಿಗೆ ಆರಾರು ಸ್ಟಿಚ್ ಚಾಚುತ್ತದೆ. ಸಾಲಿನ ಕೊನೆಗೆ ಬೇಕಾದ ಹಸಿರು ನೂಲು ಮಾತ್ರ ಕಾಂಡದ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಅದನ್ನು ಹಾಗೇ ಎಳೆದು ತಂದರೆ ಹಿಂಬದಿಯಲ್ಲಿ ಉದ್ದನೆಯ ಕುಣಿಕೆ ಉಳಿದು ಬೆರಳಿಗೆ, ಬಳೆಗೆ ಸಿಕ್ಕಿಕೊಳ್ಳುತ್ತದೆ. ಕೆಂಪಿನ ಕೊನೆಯ 6 ಸ್ಟಿಚ್ ಹಾಕುವಾಗ ಹಸಿರನ್ನು ಸಾಲಿನ ತಲೆಯ ಮೇಲೆ ಮಲಗಿಸಿ, ಅದನ್ನು ಒಳಗಿಟ್ಟುಕೊಂಡೇ ಹೆಣೆಯಿರಿ. ಹಸಿರನ್ನು ಬಿಗಿಯಾಗಿ ಎಳೆಯಬೇಡಿ, ಎಳೆದರೆ ತೊಪ್ಪಿಯ ಅಂಚು ಮುದುಡುತ್ತದೆ. ಕೆನೆ ನೂಲನ್ನು 12ನೇ ಸಾಲು ಮುಗಿದಾಗಲೇ 15 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಿ. ಅದನ್ನು ಕೆಂಪಿನೊಳಗೆ ಸಾಗಿಸಿದರೆ ತಿಳಿ ಬಣ್ಣ ಹೊರಗೆ ಇಣುಕುತ್ತದೆ.

24ನೇ ಸಾಲು ರಟ್ಟಿನ ಹಸಿರಿನಿಂದ ಶುರುವಾಗುತ್ತದೆ. 15 ಸ್ಟಿಚ್ ಹಾಕಿದ ಮೇಲೆ ಉಂಡೆಯ ಹಸಿರು ಸಿಗುತ್ತದೆ, ಅದಕ್ಕೆ ದಾಟಿಕೊಳ್ಳಿ. ಚೌಕವೊಂದಕ್ಕೆ ಎಂಟು ಬಾಲ ಉಳಿಯುತ್ತವೆ. ಆಯಾ ಬಾಲವನ್ನು ಆಯಾ ಬಣ್ಣದ ಜಾಗದಲ್ಲೇ ದಬ್ಬಣದಿಂದ ಒಮ್ಮೆ ಆಚೆ, ಒಮ್ಮೆ ಈಚೆ, ಮತ್ತೊಮ್ಮೆ ಆಚೆ ನುಗ್ಗಿಸಿ. ಒಂದೇ ದಿಕ್ಕಿಗೆ ನುಗ್ಗಿಸಿದ್ದು ನಾಲ್ಕು ಸಲ ಒಗೆದರೆ ಜಾರಿ ಹೊರಬರುತ್ತದೆ. ಪ್ರತಿ ಚೌಕ ಮುಗಿದಂತೆ ಈ ಕೆಲಸ ಮುಗಿಸಿ. ಕೊನೆಗೆಂದು ಉಳಿಸಿದರೆ 120 ಬಾಲಗಳು ಕಾದಿರುತ್ತವೆ, ಎಷ್ಟೋ ಹೊದಿಕೆಗಳು ಅರ್ಧಕ್ಕೆ ನಿಲ್ಲುವುದು ಅಲ್ಲಿಯೇ.

ಮೊದಲ ಚೌಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ. 10ರಿಂದ 12 ಗ್ರಾಂ ಇದ್ದರೆ ಮೇಲಿನ ಲೆಕ್ಕ ಸಾಕಾಗುತ್ತದೆ. 14 ದಾಟಿದರೆ ಅಂಗಡಿಯಲ್ಲಿ ಅದೇ ಲಾಟ್ ಮುಗಿಯುವ ಮೊದಲು ಇನ್ನೂ 100 ಗ್ರಾಂ ಹಸಿರು ತಂದಿಡಿ.

ಚುಕ್ಕೆಯ ಕೆಂಪು, ಹುತ್ತದ ಕಂದು

ಕೆಂಪು ತೊಪ್ಪಿಗೆ ಬಿಳಿ ಚುಕ್ಕೆ ಇರುವ, ಮಕ್ಕಳ ಪುಸ್ತಕಗಳಲ್ಲಿ ಕಾಣುವ ಅಣಬೆ ಅಮಾನಿಟಾ ಮಸ್ಕೇರಿಯಾ. ಚಳಿ ಸೀಮೆಯ ಬರ್ಚ್, ಪೈನ್ ಮರಗಳ ಬುಡದಲ್ಲಿ ಬೆಳೆಯುವ ವಿಷದ ಜಾತಿ. ಎಳೆಯ ಅಣಬೆಯನ್ನು ಮುಚ್ಚಿದ್ದ ಪೊರೆ ಹರಿದು ಉಳಿದ ಚೂರುಗಳೇ ಆ ಚುಕ್ಕೆಗಳು. ಆದ್ದರಿಂದ ಅವು ಸಮ ಅಂತರದಲ್ಲಿ, ಒಂದೇ ಗಾತ್ರದಲ್ಲಿ ಇರುವುದಿಲ್ಲ. ಕೆನೆ ನೂಲಿನಿಂದ ತೊಪ್ಪಿಯ ಮೇಲೆ ಮೂರೋ ನಾಲ್ಕೋ ಕಡೆ, ಒಂದು ದೊಡ್ಡದು ಒಂದು ಸಣ್ಣದು ಎಂಬಂತೆ ಕಸೂತಿಯ ತುಂಬು ಹೊಲಿಗೆ ಹಾಕಿ. ಬೇರೆಯಾಗಿ ಹೆಣೆದ ಗುಂಡು ಚುಕ್ಕೆ, ಗುಂಡಿ, ಮಣಿ ಬೇಡ. ಅವು ಕಿತ್ತು ಬಂದರೆ ಮಕ್ಕಳ ಬಾಯಿಗೆ ಹೋಗುತ್ತವೆ.

ಹದಿನೈದೂ ಕೆಂಪಾಗಬೇಕಿಲ್ಲ. ಆರನ್ನಾದರೂ ನಮ್ಮ ಗುಡ್ಡೆ, ತೋಟಗಳಲ್ಲಿ ಮಳೆ ಹಿಡಿದ ಮೇಲೆ ಏಳುವ ಹುತ್ತದ ಅಣಬೆಯ ಆಕಾರಕ್ಕೆ ಹೆಣೆಯಿರಿ. ಹೊದಿಕೆಗೆ ಊರಿನ ಕಳೆ ಬರುವುದು ಅದರಿಂದ. ಮಣ್ಣು ಸೀಳಿ ಮೇಲೆ ಬರುವ ಅದರ ತೊಪ್ಪಿಗೆ ನಡುವೆ ಮೊನೆ ಇರುತ್ತದೆ, ಕಾಂಡ ಬೇರಿನಂತೆ ಸಪೂರವಾಗಿ ಕೆಳಗೆ ಗೆದ್ದಲ ಗೂಡಿನವರೆಗೆ ಇಳಿದಿರುತ್ತದೆ. ಇದಕ್ಕೆ ಸಾಲುಗಳನ್ನು ಹೀಗೆ ತಿದ್ದಿ: 3–4ರಲ್ಲಿ ಹಸಿರು 11, ಕೆನೆ 2, ಹಸಿರು 11, 5–6ರಲ್ಲಿ 10, 4, 10, 7ರಿಂದ 23ರವರೆಗೆ ಮೊದಲಿನಂತೆ, ಕೆಂಪಿನ ಜಾಗದಲ್ಲಿ ಕಂದು, 24ರಲ್ಲಿ 10, 4, 10, 25ರಲ್ಲಿ 11, 2, 11, ಉಳಿದೆರಡು ಸಾಲು ಹಸಿರು. ಇದಕ್ಕೆ ರಟ್ಟಿನ ಹಸಿರು 6 ಮೀಟರ್ ಬೇಕು. ಚುಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ ದುಬಾರಿ ಬೆಲೆಗೆ ಹೋಗುವ ಕಲ್ಲಣಬೆಯನ್ನೂ ಸೇರಿಸುವ ಆಸೆ ಹಲವರಿಗಿರುತ್ತದೆ. ಅದು ಬರೀ ಗುಂಡಗಿರುವುದರಿಂದ ಚೌಕದಲ್ಲಿ ಅಣಬೆಯೆಂದು ಗುರುತು ಸಿಗದು.

ಖಾಲಿ ಚೌಕ, ಅಂಚು, ಜೋಡಣೆ

ಖಾಲಿ ಚೌಕ ಪೂರ್ತಿ ಹಸಿರು, ಪೂರ್ತಿ ಡಬಲ್ ಕ್ರೋಶಾ: ಸಾಲಿಗೆ 24 ಸ್ಟಿಚ್, 15 ಸೆಂ.ಮೀ. ಎತ್ತರ ಆಗುವವರೆಗೆ. ಬಹುತೇಕ 12 ಅಥವಾ 13 ಸಾಲಿಗೆ ಅಳತೆ ಸಿಗುತ್ತದೆ. ಡಬಲ್ ಕ್ರೋಶಾದಲ್ಲಿ ಸಂದು ಹೆಚ್ಚಿರುವುದರಿಂದ ಗಾಳಿಯಾಡುತ್ತದೆ, ನೂಲೂ ಉಳಿಯುತ್ತದೆ.

ಪ್ರತಿ ಚೌಕದ ಸುತ್ತ ಹಸಿರಿನಲ್ಲಿ ಒಂದು ಸುತ್ತು ಸಿಂಗಲ್ ಕ್ರೋಶಾ: ಬದಿಗೆ 24, ಮೂಲೆಗೆ 2 ಚೈನ್. ಅಣಬೆ ಚೌಕದ ಪಕ್ಕದಲ್ಲಿ 27 ಸಾಲು ಇರುವುದರಿಂದ ಪ್ರತಿ 9ನೇ ಸಾಲನ್ನು ಬಿಟ್ಟರೆ 24 ಸಿಗುತ್ತದೆ. ಡಬಲ್ ಕ್ರೋಶಾದ ಪಕ್ಕದಲ್ಲಿ ಸಾಲಿಗೆ ಎರಡರಂತೆ ಹಾಕಿ. 13 ಸಾಲು ಇದ್ದರೆ ಎರಡು ಸ್ಟಿಚ್ ಬಿಡಿ. ಬದಿಗಳ ಎಣಿಕೆ ಸಮ ಇಲ್ಲದಿದ್ದರೆ ಜೋಡಿಸಿದ ಮೇಲೆ ಹೊದಿಕೆ ಅಲೆಯಲೆಯಾಗಿ ಏಳುತ್ತದೆ, ಇಸ್ತ್ರಿಗೂ ಅದು ಬಗ್ಗದು.

ಚೌಕಗಳನ್ನು ಒದ್ದೆ ಮಾಡಿ, ಥರ್ಮೊಕೋಲ್ ಹಲಗೆಯ ಮೇಲೆ 16 ಸೆಂ.ಮೀ.ಗೆ ಎಳೆದು ಪಿನ್ ಚುಚ್ಚಿ ಒಣಗಲು ಬಿಡಿ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಪಿನ್ನೇ ಆಗಬೇಕು. ಕಡಲ ಗಾಳಿಗೆ ಸಾಮಾನ್ಯ ಗುಂಡುಸೂಜಿ ಬೇಗ ತುಕ್ಕೇರುತ್ತದೆ, ನೂಲಿಗೆ ಹತ್ತಿದ ಆ ಕಲೆ ಹೋಗುವುದು ಬಲು ಕಷ್ಟ.

ಅಡ್ಡಕ್ಕೆ 5, ಉದ್ದಕ್ಕೆ 6. ಚದುರಂಗದ ಮಣೆಯಂತೆ ಒಂದು ಅಣಬೆ, ಒಂದು ಖಾಲಿ ಎಂದು ನೆಲದ ಮೇಲೆ ಜೋಡಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಹಸಿರು ನೂಲು, ದಬ್ಬಣ ಹಿಡಿದು ಸ್ಟಿಚ್‌ಗಳ ತಲೆಯಲ್ಲಿರುವ ಎರಡು ಎಳೆಗಳಲ್ಲಿ ಹಿಂದಿನದನ್ನು ಮಾತ್ರ ಸೇರಿಸಿ ಹೊಲಿಯಿರಿ. ಎರಡೂ ಎಳೆ ಹಿಡಿದರೆ ಸೇರಿಸಿದಲ್ಲಿ ದಿಬ್ಬ ಏಳುತ್ತದೆ. ಮೊದಲು ಐದೈದು ಚೌಕದ ಆರು ಪಟ್ಟಿ, ಆಮೇಲೆ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುವ ಐದು ಉದ್ದ ಹೊಲಿಗೆ. ಕೊನೆಗೆ ಹೊದಿಕೆಯ ಸುತ್ತ ಎರಡು ಸುತ್ತು ಸಿಂಗಲ್ ಕ್ರೋಶಾ, ಮೂಲೆಗೆ ಮೂರು ಸ್ಟಿಚ್.

ಒಗೆಯುವುದು, ಎತ್ತಿಡುವುದು

ತಣ್ಣೀರು, ಮೆದು ಸೋಪು, ಕೈಯಲ್ಲೇ ಒಗೆತ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕೆನೆ ಬಣ್ಣದ ಕಾಂಡ ಕ್ರಮೇಣ ಹಳದಿಯಾಗುತ್ತದೆ. ಅಂಥ ಮನೆಯಲ್ಲಿ ಕೊನೆಯ ಜಾಲಿಸುವಿಕೆಗೆ ಮಳೆನೀರು ಹಿಡಿದಿಡಿ. ಹಿಂಡಬೇಡಿ, ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಜೋಲುತ್ತದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ತುಳು ತಿಂಗಳಾದ ಆಟಿಯ ಮಳೆಯಲ್ಲಿ ಒಗೆಯಲೇಬೇಕಾದರೆ ಫ್ಯಾನಿನ ಕೆಳಗೆ ಹರಡಿ, ನಾಲ್ಕೈದು ಗಂಟೆಗೊಮ್ಮೆ ಮಗುಚಿ ಹಾಕಿ. ಅಕ್ರಿಲಿಕ್ ಮಿಶ್ರ ಇದ್ದರೆ ಇಸ್ತ್ರಿ ತಾಗಿಸಬೇಡಿ, ನೂಲು ಕರಗಿ ಚಪ್ಪಟೆಯಾಗುತ್ತದೆ.

ಗಂಜಿ ಹಾಕುವುದು ಬೇಡ. ಬೂಷ್ಟಿಗೂ ಬೆಳ್ಳಿಮೀನು ಹುಳಕ್ಕೂ ಅದು ಆಹಾರ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮಳೆಗಾಲ ಪೂರ್ತಿ ಬಿಸಿಲು ಕಂಡ ದಿನ ಹೊರಗೆ ತೆಗೆದು ಒಂದು ಗಂಟೆ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಮತ್ತೆ ಇಡಿ. ಮಗುವಿಗೆಂದು ಹೆಣೆಯುವವರು ಗಮನಿಸಿ: ಒಂದು ವರ್ಷದೊಳಗಿನ ಶಿಶು ಮಲಗುವ ತೊಟ್ಟಿಲಿನಲ್ಲಿ ಇದನ್ನೂ ಸೇರಿಸಿ ಯಾವ ಸಡಿಲ ಹೊದಿಕೆಯನ್ನೂ ಇಡಬಾರದು. ಮಗು ಎಚ್ಚರವಿದ್ದು ನೀವು ಪಕ್ಕದಲ್ಲಿರುವಾಗ ನೆಲದ ಮೇಲೆ ಹಾಸಲು ಬಳಸಿ.