ಚರ್ಚ್ ಶಾಲೆಯ ತಿಂಗಳ ಸುದ್ದಿಪತ್ರ: ಮನೆಯವರು ಓದುವ ಹಾಗೆ ಮಾಡೋದು ಹೇಗೆ

ದಕ್ಷಿಣ ಕನ್ನಡದಲ್ಲಿ ಹಳೆ ಚರ್ಚ್ ಇದ್ದಲ್ಲಿ ಪಕ್ಕದಲ್ಲೊಂದು ಪ್ರಾಥಮಿಕ ಶಾಲೆಯೂ ಇರುವುದು ಜಾಸ್ತಿ. ನಮ್ಮದೂ ಅಂಥದ್ದೇ. ಕನ್ನಡ ಮಾಧ್ಯಮ, ಅನುದಾನಿತ, ಒಂದರಿಂದ ಏಳರವರೆಗೆ. ಚರ್ಚಿನ ಫಾದರ್ ಸಂಚಾಲಕರು. ನಾನು ಅಲ್ಲೇ ಓದಿದವಳು, ಈಗ ಮಗಳು ಅಲ್ಲೇ ನಾಲ್ಕನೇ ಕ್ಲಾಸು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒಮ್ಮೆ ಸುಮ್ನೆ ಕೂತಿರಲಾರದೆ "ತಿಂಗಳಿಗೊಂದು ಸುದ್ದಿಪತ್ರ ಮಾಡಿದರೆ ಹೇಗೆ" ಅಂದೆ. ಬಾಯಿ ಬಿಟ್ಟವರ ತಲೆಗೇ ಕೆಲಸ ಬೀಳುವುದು, ಅಲ್ವಾ? ಬಿತ್ತು.

ಮೊದಲ ಸಂಚಿಕೆಗೆ ಎರಡು ರಾತ್ರಿ ನಿದ್ದೆ ಕೆಟ್ಟೆ. ಎ4 ಹಾಳೆ, ಎರಡೂ ಬದಿ ತುಂಬಾ ಅಕ್ಷರ. ಮುಂದಿನ ವಾರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ಕಟ್ಟಿಸಿಕೊಂಡೆ. ಮನೆಗೆ ಬಂದು ಬಿಚ್ಚಿದರೆ ನಮ್ಮದೇ ಸುದ್ದಿಪತ್ರ! ಫಾದರ್ ಸಂದೇಶದ ಮೇಲೆ ಎಣ್ಣೆ ಇಳಿದಿತ್ತು. ಓದಿ ಬಿಸಾಡಿದ್ದಲ್ಲ, ಓದದೇ ಬಿಸಾಡಿದ್ದು ಅಂತ ಆಮೇಲೆ ನಾಲ್ಕು ಮನೆಯಲ್ಲಿ ವಿಚಾರಿಸಿದಾಗ ಗೊತ್ತಾಯಿತು. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಶಾಲೆಯಲ್ಲೂ ಯಾರಾದರೂ ಬಾಯಿ ಬಿಟ್ಟಿದ್ದರೆ ಉಪಯೋಗಕ್ಕೆ ಬರಬಹುದು.

ವೇದಿಕೆಯಿಂದ ಕೆಳಗಿಳಿಯಿರಿ

ನಮ್ಮ ಮೊದಲ ಸಂಚಿಕೆಯ ವನಮಹೋತ್ಸವದ ಸುದ್ದಿ ಹೀಗಿತ್ತು: "ಶಾಲೆಯಲ್ಲಿ ವನಮಹೋತ್ಸವ ಕಾರ್ಯಕ್ರಮವು ಸಂಚಾಲಕರ ಅಧ್ಯಕ್ಷತೆಯಲ್ಲಿ ವಿಜೃಂಭಣೆಯಿಂದ ಜರುಗಿತು. ಗಣ್ಯರು ಗಿಡ ನೆಡುವ ಮೂಲಕ ಉದ್ಘಾಟಿಸಿ ಶುಭ ಹಾರೈಸಿದರು. ವೇದಿಕೆಯಲ್ಲಿ..." ಆಮೇಲೆ ಎಂಟು ಹೆಸರು. ಆಮೇಲೆ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಗಿಡ ಯಾವುದು? ಎಲ್ಲಿ ನೆಟ್ಟದ್ದು? ಮಕ್ಕಳು ಎಂತ ಮಾಡಿದರು? ಒಂದಕ್ಷರ ಇಲ್ಲ.

ಮರುವರ್ಷ ಅದೇ ಸುದ್ದಿ ಹೀಗೆ ಬರೆದೆವು: "ಬಾವಿಯ ಹಿಂದೆ ಐದನೇ ಕ್ಲಾಸಿನವರು 11 ಗಿಡ ನೆಟ್ಟಿದ್ದಾರೆ. 4 ನೇರಳೆ, 3 ಪುನರ್ಪುಳಿ, ಉಳಿದದ್ದು ಪೇರಳೆ. ಕಳೆದ ವರ್ಷ ನೆಟ್ಟದ್ದರಲ್ಲಿ ಬದುಕಿದ್ದು ಎರಡೇ, ಬಾಕಿ ದನದ ಪಾಲು. ಈ ಸಲ ಬೇಲಿ ಹಾಕುತ್ತೇವೆ. ಹಳೇ ಬಲೆ ಇದ್ದವರು ಮಕ್ಕಳ ಕೈಯಲ್ಲಿ ಕಳಿಸಿ." ಸೋಮವಾರ ಮೂರು ಮೀನಿನ ಬಲೆ ಬಂತು. ಒಂದರಲ್ಲಿ ಇನ್ನೂ ಒಣಗಿದ ಬೂತಾಯಿ ಮೀನು ಸಿಕ್ಕಿಕೊಂಡಿತ್ತು. ಯಾರೋ ಓದುತ್ತಿದ್ದಾರೆ ಅಂತ ನಮಗೆ ಮೊದಲ ಸಲ ಖಾತ್ರಿಯಾದದ್ದು ಆ ವಾಸನೆಯಿಂದ.

ಹಾಗಾಗಿ ನಮ್ಮ ಮೊದಲ ನಿಯಮ ಇಷ್ಟೇ. ಪ್ರತಿ ಸುದ್ದಿಯ ಮೊದಲ ಸಾಲಿನಲ್ಲಿ ಮಕ್ಕಳು ಏನೋ ಒಂದು ಮಾಡುತ್ತಿರಬೇಕು. ಅತಿಥಿಗಳ ಹೆಸರು ಬೇಡ ಅಂತಲ್ಲ. ಹಾಕದಿದ್ದರೆ ಬೇಜಾರು ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ, ಮತ್ತೆ ವಾರ್ಷಿಕೋತ್ಸವಕ್ಕೆ ಶಾಮಿಯಾನ ಕೊಡಿಸುವವರೂ ಅವರೇ. ಹಿಂದಿನ ಪುಟದ ಕೆಳಗೆ "ಈ ತಿಂಗಳು ಶಾಲೆಗೆ ಬಂದವರು" ಅಂತ ಒಂದು ಸಣ್ಣ ಡಬ್ಬಿ ಮಾಡಿ ಎಲ್ಲ ಹೆಸರನ್ನೂ ಅಲ್ಲಿಗೆ ಇಳಿಸಿ.

ಸುದ್ದಿ ಸಿಗುವುದು ಎಲ್ಲಿ

ಟೀಚರ್‌ಗಳ ಹತ್ತಿರ "ಒಂದು ವರದಿ ಬರೆದುಕೊಡಿ" ಅಂತ ಕೇಳಲೇಬೇಡಿ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಇಲಾಖೆಯ ಸ್ಯಾಟ್ಸ್ ವೆಬ್‌ಸೈಟಿನಲ್ಲಿ ಮಕ್ಕಳ ಮಾಹಿತಿ ತುಂಬುವುದು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಬರುವ "ಇಂದೇ ಕಳುಹಿಸಿ" ಅನ್ನುವ ಮೆಸೇಜು. ಅವರಿಗೆ ಪುರುಸೊತ್ತು ಎಲ್ಲಿದೆ? ಕೇಳಿದರೆ ಪಾಪ ಬರೆದುಕೊಡುತ್ತಾರೆ, ಆದರೆ ಮತ್ತದೇ ವಿಜೃಂಭಣೆಯಿಂದ ಜರುಗಿತು.

ನಾವು ಸ್ಟಾಫ್ ರೂಮಿನ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ದಾರದಲ್ಲಿ ಪೆನ್ನು. ಮೂರು ಪದ ಬರೆದರೆ ಸಾಕು. "ಎರಡನೇ ಕ್ಲಾಸು, ಮಗ್ಗಿ, ಬಸಳೆ" ಅಂತ ಒಂದು ದಿನ ಇತ್ತು. ಹೋಗಿ ಕೇಳಿದರೆ, ಶಾಲೆಯ ಚಪ್ಪರದ ಬಸಳೆ ಎಲೆ ಎಣಿಸಿ ಮಕ್ಕಳು ಐದರ ಮಗ್ಗಿ ಕಲಿತಿದ್ದಾರೆ, ಎಣಿಸಿ ಮುಗಿದ ಬಸಳೆ ಅವತ್ತಿನ ಸಾಂಬಾರಿಗೆ ಹೋಗಿದೆ. ಇಂಥದ್ದು ಯಾವ ವರದಿಯಲ್ಲಿ ಬರುತ್ತದೆ ಹೇಳಿ? ಇನ್ನು ಅಡುಗೆ ಅಕ್ಕನನ್ನು ಮರೆಯಬೇಡಿ. ಯಾವ ದಿನ ಅನ್ನ ಉಳಿಯಿತು, ಯಾವ ದಿನ ಸಾಲದೇ ಹೋಯಿತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತಾ ಎಲ್ಲ ಅವರಿಗೆ ಗೊತ್ತು. ಮನೆಯವರಿಗೆ ಬೇಕಾದ ಸುದ್ದಿಯೂ ಅದೇ.

25ನೇ ತಾರೀಕಿಗೆ ಆ ನೋಟ್‌ಬುಕ್ ಮನೆಗೆ ತರುತ್ತೇನೆ. 28ಕ್ಕೆ ಹೆಡ್ ಟೀಚರ್ ಸಿಸ್ಟರ್ ಓದುತ್ತಾರೆ, ಆಮೇಲೆ ಫಾದರ್. ತಿಂಗಳ ಮೊದಲ ಶನಿವಾರ ಬೆಳಗ್ಗಿನ ಕ್ಲಾಸು ಬಿಡುವಾಗ ಮಕ್ಕಳ ಕೈಗೆ ಹಾಳೆ. ಫಾದರ್ ಸಂದೇಶದ ಬಗ್ಗೆ ಒಂದು ಮಾತು: ಉದ್ದ ಆಗುತ್ತದೆ ಅಂತ ಒಳಗೊಳಗೇ ಗೊಣಗುವ ಬದಲು "ಫಾದರ್, ಹತ್ತು ಸಾಲು ಮಾತ್ರ ಜಾಗ ಇದೆ" ಅಂತ ಮೊದಲೇ ಹೇಳಿ. ನಮ್ಮ ಫಾದರ್ ಈಗ ಏಳೇ ಸಾಲು ಕೊಡುತ್ತಾರೆ, ಅದನ್ನು ಓದುತ್ತಾರೆ ಕೂಡ.

ಚರ್ಚಿನ ಮಾತು, ಊರಿನ ಕಿವಿ

ಇದು ಕ್ರೈಸ್ತ ಶಾಲೆಗಳವರು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಜಾಗ. ನಮ್ಮ ಶಾಲೆಯಲ್ಲಿ ತುಳು ಮನೆಯ ಮಕ್ಕಳಿದ್ದಾರೆ, ಬ್ಯಾರಿ ಮನೆಯವರಿದ್ದಾರೆ, ಕೊಂಕಣಿಯವರಿದ್ದಾರೆ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಎಲ್ಲರಿಗೂ ನಡುವೆ ಇರುವುದು ಕನ್ನಡ. ಆದರೆ ಚರ್ಚಿನ ಕನ್ನಡ ಬೇರೆಯೇ ಒಂದು ಕನ್ನಡ.

ಒಂದು ಆಗಸ್ಟಿನಲ್ಲಿ "15ರಂದು ಬೆಳಿಗ್ಗೆ ಬಲಿಪೂಜೆಯ ನಂತರ ಧ್ವಜಾರೋಹಣ" ಅಂತ ಹಾಕಿದ್ದೆವು. ಒಬ್ಬ ಹುಡುಗನ ಅಜ್ಜಿ, ಬೀಡಿ ಕಟ್ಟುವವರು, ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡೇ ನನ್ನನ್ನು ನಿಲ್ಲಿಸಿ ಕೇಳಿದರು: "ಬಲೀಂದ್ರ ಪೂಜೆ ದೀಪಾವಳಿಗಲ್ವಾ ಮಗಾ, ನಿಮ್ಮ ಇಗರ್ಜಿಯಲ್ಲಿ ಈಗಲೇ ಮಾಡ್ತಾರಾ?" ತಪ್ಪು ಅವರದ್ದಲ್ಲ. ಚರ್ಚಿನ ಕನ್ನಡದಲ್ಲಿ ಬಲಿಪೂಜೆ ಅಂದರೆ ಫಾದರ್ ನಡೆಸುವ ಮಾಸ್, ಚರ್ಚಿನ ಪ್ರಾರ್ಥನೆ. ತುಳುನಾಡಿನಲ್ಲಿ ದೀಪಾವಳಿಗೆ ಬಲಿಯೇಂದ್ರನನ್ನು ಕರೆಯುವ ಮನೆಯವರಿಗೆ ಬಲಿಪೂಜೆ ಅಂದರೆ ಬೇರೆ ಎಂತ ಅನ್ನಿಸಬೇಕು?

ಅಲ್ಲಿಂದ ಚರ್ಚಿನ ಪದ ಬಂದಾಗೆಲ್ಲ ಅದೇ ಸಾಲಿನಲ್ಲಿ ಬಿಡಿಸಿ ಹೇಳುತ್ತೇವೆ. "ಆಗಸ್ಟ್ 15 ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬವೂ ಹೌದು, ಹಾಗಾಗಿ 7ಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, 8.30ಕ್ಕೆ ಎಲ್ಲ ಮಕ್ಕಳಿಗೂ ಧ್ವಜಾರೋಹಣ, ಆಮೇಲೆ ಲಾಡು." ಹೀಗೆ ಎರಡೆರಡು ಹಬ್ಬ ಒಂದೇ ದಿನ ಬೀಳುವುದು ಇನ್ನೂ ಇದೆ. ನವೆಂಬರ್ 1 ರಾಜ್ಯೋತ್ಸವ, ಅದೇ ದಿನ ಸಕಲ ಸಂತರ ಹಬ್ಬ. ಸಮಯ ಸರಿಯಾಗಿ ಬಿಡಿಸಿ ಬರೆಯದಿದ್ದರೆ ಅರ್ಧ ಮಕ್ಕಳು ಒಂದು ಗಂಟೆ ಮೊದಲೇ ಬಂದು ಗೇಟಿನ ಹೊರಗೆ ನಿಂತಿರುತ್ತಾರೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಬರೆಯುವುದು ಸುಲಭ. ಅದಕ್ಕೂ ಮೊದಲಿನ ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನಿಗೆ ಹಾಕುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. "ತೆನೆ ಹಬ್ಬ" ಅಂದರೆ ಸಾಕು, ಕರಾವಳಿಯಲ್ಲಿ ಹೊಸ ಅಕ್ಕಿ ಊಟ ಮಾಡುವ ಎಲ್ಲ ಮನೆಯವರಿಗೂ ಅರ್ಥ ಆಗುತ್ತದೆ. ನಮ್ಮ ಮೂರನೇ ಕ್ಲಾಸಿನಲ್ಲಿ ಯಾರ ಮನೆಯಿಂದ ಯಾವ ಹೂವು ಬಂತು ಅಂತ ಪಟ್ಟಿ ಹಾಕಿದೆವು. ಗೋರಂಟಿ, ರಥಪುಷ್ಪ, ಕುಂಬಳದ ಹೂವು ಕೂಡ! ಆ ಸಂಚಿಕೆ ಒಂದೂ ಗೋಳಿಬಜೆಗೆ ಹೋಗಲಿಲ್ಲ.

ಇನ್ನೊಂದು ಗಂಭೀರ ವಿಷಯ. ನಮ್ಮದು ಸರ್ಕಾರದ ಅನುದಾನ ಪಡೆಯುವ ಶಾಲೆ. ಅಂಥಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವ ಹಾಗಿಲ್ಲ ಅಂತ ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಆದ್ದರಿಂದ "ಎಲ್ಲ ಮಕ್ಕಳು ಕಡ್ಡಾಯವಾಗಿ" ಅನ್ನುವ ಸಾಲು ಚರ್ಚಿನ ಕಾರ್ಯಕ್ರಮದ ಪಕ್ಕ ಬರಲೇಬಾರದು. "ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿ ಪಾಠ" ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟರೆ ಊರಲ್ಲಿ ಇಲ್ಲದ ಕಥೆ ಹುಟ್ಟುತ್ತದೆ.

ಫೋಟೋ

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಎರಡನೇ ವರ್ಷ ಒಬ್ಬರು ದಾನಿಗಳು 20 ಮಕ್ಕಳಿಗೆ ಕೊಡೆ ಮತ್ತು ಬ್ಯಾಗು ಕೊಟ್ಟರು. ಒಂದು ಹುಡುಗಿ ಕೊಡೆ ತೆಗೆದುಕೊಳ್ಳುವ ಫೋಟೋ ಚೆನ್ನಾಗಿ ಬಂದಿತ್ತು. ಮುಖಪುಟಕ್ಕೆ ಹಾಕಿದೆ. ಕೆಳಗೆ "ಬಡ ವಿದ್ಯಾರ್ಥಿಗಳಿಗೆ ಕೊಡೆ ವಿತರಣೆ". ಹೆಸರೇನೂ ಹಾಕಿರಲಿಲ್ಲ. ಮುಖ ಇತ್ತಲ್ಲ! ಆ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬಂದಳು, ಕೊಡೆ ತರದೆ, ನೆನೆದುಕೊಂಡು. ಅವಳ ಅಮ್ಮ ನನಗೆ ಬೈಯಲಿಲ್ಲ. "ನಾವು ಕೇಳಿದ್ದಲ್ಲ ಬಾಯಮ್ಮ, ಅವರೇ ಕೊಟ್ಟದ್ದು" ಅಂದರು ಅಷ್ಟೇ. ಬೈದಿದ್ದರೇ ಒಳ್ಳೆದಿತ್ತು.

ಈಗ ಕೊಟ್ಟದ್ದರ ಫೋಟೋ ಇಲ್ಲ. 20 ಕೊಡೆ ಬಿಚ್ಚಿ ಜಗಲಿಯಲ್ಲಿ ಒಣಗಲು ಇಟ್ಟ ಫೋಟೋ ಹಾಕಿ, ದಾನಿಗಳಿಗೂ ಖುಷಿಯಾಗುತ್ತದೆ. ಫೀಸು ಬಾಕಿ, ಸ್ಕಾಲರ್‌ಶಿಪ್ಪು, ಕಾಯಿಲೆ ಇವುಗಳ ಜೊತೆ ಮಗುವಿನ ಹೆಸರು ಬೇಡ. ಹೆಸರು, ಕ್ಲಾಸು, ಮನೆ ಇರುವ ಜಾಗ, ಹೋಗುವ ಬಸ್ಸು ಇವೆಲ್ಲ ಒಂದೇ ಕಡೆ ಬರಬಾರದು. ಜೂನ್‌ನಲ್ಲೇ ಒಂದು ಚೀಟಿ ಕಳಿಸಿ ಫೋಟೋಕ್ಕೆ ಒಪ್ಪಿಗೆ ಕೇಳಿ ಸಹಿ ತೆಗೆದುಕೊಳ್ಳಿ. ಹಾಳೆಗೆ ಬೇರೆ, ವಾಟ್ಸಾಪಿಗೆ ಬೇರೆ ಗುರುತು ಹಾಕುವ ಹಾಗೆ. 2023ರ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 18ರ ಕೆಳಗಿನವರ ವಿಷಯಕ್ಕೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳಬೇಕಿತ್ತು ಅನ್ನುವುದು ನನಗೆ ಆ ಕೊಡೆಯಿಂದ ಗೊತ್ತಾಗಿದೆ.

ಮಳೆ ರಜೆ ಮತ್ತು ಇತರ ತಲೆನೋವು

ಜುಲೈ ಬಂತೆಂದರೆ ರಾತ್ರಿ ಒಂಬತ್ತಕ್ಕೆ ಶುರು, "ನಾಳೆ ರಜೆ ಉಂಟಾ?" ಹಳೇ ಆದೇಶದ ತಾರೀಕು ತಿದ್ದಿ ಹಂಚುವ ಪುಣ್ಯಾತ್ಮರೂ ಇದ್ದಾರೆ ಮಾರಾಯ್ರೆ. ರಜೆ ಸಾರುವುದು ಜಿಲ್ಲಾಧಿಕಾರಿ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಾಕಬೇಕಾದದ್ದು ಸಿಸ್ಟರ್ ಒಬ್ಬರೇ, ಬೇರೆ ಯಾರೂ ಅಲ್ಲ. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ. ಶುಭೋದಯದ ಹೂವಿನ ಚಿತ್ರವೂ ತಾನಾಗಿ ನಿಲ್ಲುತ್ತದೆ. ಹಾಳೆಯಲ್ಲಿ ನೀವು ಹಾಕಬೇಕಾದದ್ದು ಆಮೇಲಿನ ಲೆಕ್ಕ: ಎಷ್ಟು ದಿನ ಹೋಯಿತು, ಯಾವ ಶನಿವಾರ ಇಡೀ ದಿನ ಕ್ಲಾಸು ಇಟ್ಟು ತುಂಬಿಸುತ್ತಾರೆ. ದಸರಾ, ಕ್ರಿಸ್‌ಮಸ್ ರಜೆಯ ತಾರೀಕನ್ನೂ ಇಲಾಖೆಯ ಸುತ್ತೋಲೆ ಕೈಗೆ ಬರುವ ಮೊದಲು ಅಚ್ಚು ಹಾಕಬೇಡಿ. ಮುಂಬೈಯಿಂದ ಬರುವ ಅಪ್ಪಂದಿರು ಅದನ್ನೇ ನೋಡಿ ರೈಲು ಟಿಕೆಟ್ ಮಾಡಿಸುತ್ತಾರೆ.

ಅಕ್ಷರದ ಗೋಳು ಬೇರೆ. ಶಾಲೆಯ ಹಳೇ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ವಾಟ್ಸಾಪಿಗೆ ನಕಲು ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಟೈಪಿಂಗ್ ಬಾರದವರು ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಆಗುತ್ತದೆ, ಆದರೆ ಒಮ್ಮೆ ಓದಿ ನೋಡಿ, ನಮ್ಮ "ಸಂಚಾಲಕರು" ಒಮ್ಮೆ "ಚಾಲಕರು" ಆಗಿದ್ದರು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಪಿಡಿಎಫ್ ಕಳಿಸಿ. ಅವರು ಮೊದಲು ನೋಡುವುದು ನಿವೃತ್ತ ಟೀಚರ್‌ಗಳ ಸುದ್ದಿ, ಆಮೇಲೆ ಮಾಡು ಸೋರುತ್ತದಾ ಅಂತ. ಸೋರುತ್ತಿದ್ದರೆ ಎಷ್ಟು ಹೆಂಚು ಬೇಕು ಅಂತ ನೇರವಾಗಿ ಬರೆಯಿರಿ.

ಯಾವಾಗ ಶುರು ಮಾಡಬೇಕು ಅಂತ ಕೇಳಿದರೆ ಜುಲೈ. ಜೂನ್ ಪೂರ್ತಿ ಪ್ರಾರಂಭೋತ್ಸವ, ಪಠ್ಯಪುಸ್ತಕ, ಯೂನಿಫಾರ್ಮು ಅಂತ ಹೋಗುತ್ತದೆ. ಜುಲೈ 1 ಪತ್ರಿಕಾ ದಿನವೂ ಹೌದು. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ "ಮಂಗಳೂರ ಸಮಾಚಾರ" ಹೊರತಂದದ್ದು, ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಕಲ್ಲಿನ ಮೇಲೆ ಅಕ್ಷರ ಮೂಡಿಸಿ ತಿಂಗಳಿಗೆರಡು ಮಾಡಿದ್ದಾರೆ, ಜೆರಾಕ್ಸ್ ಅಂಗಡಿ ಇರುವ ನಮಗೆ ತಿಂಗಳಿಗೊಂದು ಆಗುವುದಿಲ್ಲವಾ ಅಂತ ನಮ್ಮ ಸಂಘದ ಸಭೆಯಲ್ಲಿ ಹೇಳಿ ಎರಡು ಜನ ಸಹಾಯಕರನ್ನು ಗಿಟ್ಟಿಸಿಕೊಂಡೆ. ನೀವೂ ಹೇಳಿ ನೋಡಿ.

ಪ್ರತಿ ತಿಂಗಳು ಎರಡು ಪ್ರತಿ ಮಾತ್ರ ಮರೆಯದೆ ಶಾಲೆಯ ಫೈಲಿಗೆ ಹಾಕಿ. ನಾವು ಮೊದಲ ವರ್ಷ ಹಾಕಿರಲಿಲ್ಲ. ಈಗ ಹುಡುಕಿದರೆ ಮೊದಲ ಸಂಚಿಕೆ ಯಾರ ಮನೆಯಲ್ಲೂ ಇಲ್ಲ. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಆ ಗೋಳಿಬಜೆಯ ಹಾಳೆ, ಎಣ್ಣೆ ಕಲೆ ಸಮೇತ.