ಬಿಚ್ಚಲು ಬರುವಂತೆ ಹೊಲಿಯುವುದು

ಮೇ ತಿಂಗಳ ಕೊನೆಯ ವಾರ ಧಾರವಾಡದಲ್ಲಿ ಯಾವ ಟೇಲರ್ ಹತ್ತಿರ ಹೋದರೂ ಒಂದೇ ಮಾತು: ‘ಜೂನ್ ಹದಿನೈದರ ಮ್ಯಾಲೆ ಬರ್ರಿ ಅಕ್ಕಾರ.’ ಅವರನ್ನು ದೂರುವ ಹಾಗಿಲ್ಲ. ಊರಿನ ಅಷ್ಟೂ ಮಕ್ಕಳ ಯೂನಿಫಾರ್ಮ್ ಒಮ್ಮೆಲೇ ಬಂದು ಬೀಳುತ್ತದೆ, ಮೇಲೆ ಮದುವೆ ಮನೆಗಳ ಝಂಪರ್‌ಗಳು ಬೇರೆ. ನಾನು ಮಕ್ಕಳ ಯೂನಿಫಾರ್ಮ್ ಮನೆಯಲ್ಲೇ ಹೊಲಿಯಲು ಶುರು ಮಾಡಿದ್ದು ಈ ಅವಸರಕ್ಕೆ. ಬಿಡದೆ ಮುಂದುವರಿಸಿದ್ದು ಬೇರೆ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಂಗಿಯ ಒಳಗೆ ಕಾಲು ಇಂಚು ಬಟ್ಟೆಯನ್ನೂ ಬಿಟ್ಟಿರುವುದಿಲ್ಲ. ಅಂಚಿನವರೆಗೆ ಕತ್ತರಿಸಿ ಇಂಟರ್‌ಲಾಕ್ ಹೊಡೆದಿರುತ್ತಾರೆ. ಮಗು ಎರಡು ಇಂಚು ಬೆಳೆಯಿತೆಂದರೆ ಆ ಅಂಗಿಯ ಕಥೆ ಮುಗಿಯಿತು. ಬೆಳೆಯುವ ಮಕ್ಕಳ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯಲು ಬರುವಂತೆಯೇ ಹೊಲಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಗಳು ಈ ಸಲ ಆರನೇ ಇಯತ್ತೆ, ಮಗ ಎರಡನೆಯದು. ಅವರ ಶಾಲೆಯಲ್ಲಿ ಬಟ್ಟೆ ಕೊಡುತ್ತಾರೆ, ಹೊಲಿಸುವುದು ನಮ್ಮ ಪಾಲಿಗೆ. ಬಟ್ಟೆ ಮನೆಗೆ ಬಂದ ಕೂಡಲೇ ಕತ್ತರಿ ಹಿಡಿಯುವುದಿಲ್ಲ. ‘ಅರಿವಿ ಕತ್ತರಸೂಕಿಂತ ಮದ್ಲ ಒಮ್ಮೆ ನೀರ ಕುಡಸವಾ’ ಎಂದು ನಮ್ಮ ಅತ್ತಿ ಹೇಳಿಕೊಟ್ಟದ್ದನ್ನು ಇವತ್ತಿಗೂ ತಪ್ಪಿಸಿಲ್ಲ. ಪಿ.ಟಿ. ದಿನದ ಬಿಳಿ ಕಾಟನ್ ಇದೆಯಲ್ಲ, ಅದಕ್ಕಂತೂ ಇದು ಆಗಲೇಬೇಕು. ಮಗ್ಗದಲ್ಲಿ ಎಳೆದು ಬಿಗಿದ ಹತ್ತಿಯ ಎಳೆ ನೀರು ಕಂಡಾಗ ತನ್ನ ಜಾಗಕ್ಕೆ ಮರಳುತ್ತದೆ. ಒಂದು ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡದೆ ನೆರಳಿಗೆ ಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹೊಡೆದರೆ ಎಳೆಗಳು ನೇರ ಕೂರುತ್ತವೆ. ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಪಾಲು ಹೆಚ್ಚಿರುವುದರಿಂದ ಅಷ್ಟು ಕುಗ್ಗುವುದಿಲ್ಲ, ಆದರೂ ಒಂದು ಸಲ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಅಂಗಡಿಯ ಗಂಜಿ ಹೋದ ಮೇಲೆ ಬಟ್ಟೆಯ ನಿಜವಾದ ಮೈ ಕೈಗೆ ತಿಳಿಯುತ್ತದೆ.

ಆಮೇಲೆ ಅಳತೆ. ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಎತ್ತರ, ಭುಜ, ಎದೆ, ಸೊಂಟ, ತೋಳು, ಕಾಲು, ಪಕ್ಕದಲ್ಲಿ ತಾರೀಖು. ಹಿಂದಿನ ವರ್ಷಗಳ ಸಾಲನ್ನು ಈ ವರ್ಷದ ಸಾಲಿನ ಮೇಲಿಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಈ ವಯಸ್ಸಿನ ಮಕ್ಕಳು ಎತ್ತರಕ್ಕೆ ಬೆಳೆದಷ್ಟು ಅಗಲಕ್ಕೆ ಬೆಳೆಯುವುದಿಲ್ಲ. ವರ್ಷಕ್ಕೆ ಐದಾರು ಸೆಂಟಿಮೀಟರ್ ಎತ್ತರವಾಗುತ್ತಾರೆ, ಅಂದರೆ ಎರಡು ಇಂಚು ಅಥವಾ ತುಸು ಹೆಚ್ಚು. ಸೊಂಟ ಮಾತ್ರ ಇದ್ದಲ್ಲೇ ಇದ್ದಂತೆ. ‘ಬೆಳೆಯೋ ಹುಡುಗ’ ಎಂದು ಎರಡು ಸೈಜ್ ದೊಡ್ಡದು ತಂದರೆ ಭುಜ ತೋಳಿನ ಮೇಲೆ ಜೋತುಬೀಳುತ್ತದೆ, ಕುತ್ತಿಗೆ ತೆರೆದುಕೊಳ್ಳುತ್ತದೆ, ವರ್ಷವಿಡೀ ಯಾರದೋ ಅಂಗಿ ಹಾಕಿಕೊಂಡು ಹೋದಂತೆ ಕಾಣುತ್ತದೆ. ಹಾಗಾಗಿ ಭುಜ, ಕುತ್ತಿಗೆ ಈ ವರ್ಷದ ಅಳತೆಗೇ ಸರಿಯಾಗಿ ಕೂರಬೇಕು. ಮುಂದಿನ ವರ್ಷದ ಬಟ್ಟೆಯನ್ನು ಉದ್ದದಲ್ಲಿ ಬಚ್ಚಿಡಬೇಕು.

ಎಲ್ಲಿ ಬಚ್ಚಿಡುವುದು ಎನ್ನುವುದರಲ್ಲೇ ಕೆಲಸವಿರುವುದು. ಎಲ್ಲರೂ ಕೆಳಗಿನ ಮಡಿಕೆಯಲ್ಲಿ ಬಿಡುತ್ತಾರೆ. ನಾನೂ ಬಿಡುತ್ತೇನೆ, ಮಗಳ ಪಿನಾಫೋರ್‌ಗೆ ಮೂರು ಇಂಚು, ಮಗನ ಪ್ಯಾಂಟಿಗೆ ಎರಡೂವರೆ. ಆದರೆ ಕೆಳಮಡಿಕೆಗೆ ಒಂದು ತೊಂದರೆ ಇದೆ. ವರ್ಷವೆಲ್ಲ ಒಗೆದು, ಇಸ್ತ್ರಿ ಹೊಡೆದು, ಬೆಂಚಿಗೆ ಉಜ್ಜಿ, ಮಡಿಕೆಯ ಅಂಚು ಬಿಳಿಚಿಕೊಂಡಿರುತ್ತದೆ. ಬಿಚ್ಚಿ ಇಳಿಸಿದಾಗ ಆ ಗೆರೆ ಹಾಗೇ ಉಳಿಯುತ್ತದೆ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಒಂದು ಬಟ್ಟೆ ಅದ್ದಿ ಗೆರೆಯ ಮೇಲೆ ಒತ್ತಿ ಇಸ್ತ್ರಿ ಹೊಡೆದರೆ ಮಡಿಕೆಯ ಗುರುತು ಹೋಗುತ್ತದೆ, ಬಣ್ಣ ಮಾಸಿದ್ದು ಹೋಗುವುದಿಲ್ಲ. ಅದಕ್ಕೇ ಪಿನಾಫೋರ್‌ನಲ್ಲಿ ಇನ್ನೆರಡು ಇಂಚನ್ನು ಸೊಂಟದ ಜೋಡಣೆಯ ಒಳಗೆ ಬಿಡುತ್ತೇನೆ. ನೆರಿಗೆ ಹಾಕುವ ಮೊದಲೇ ಕೆಳಭಾಗವನ್ನು ಎರಡು ಇಂಚು ಉದ್ದ ಕತ್ತರಿಸಿ, ಹೆಚ್ಚಿನದನ್ನು ಒಳಗೆ ಮೇಲಕ್ಕೆ ಮಡಚಿ, ಎದೆಭಾಗದ ಅಸ್ತರಿಗೆ ಕೈಹೊಲಿಗೆಯಲ್ಲಿ ತಾಗಿಸಿಡುವುದು. ಮರುವರ್ಷ ಸೊಂಟದ ಹೊಲಿಗೆ ಬಿಚ್ಚಿ ಇಳಿಸಿದರೆ ಹಳೆಯ ಗೆರೆ ಸರಿಯಾಗಿ ಬೆಲ್ಟಿನ ಕೆಳಗೆ ಬರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಚ್ಚಬೇಕಾದ ಕಡೆಗೆ ಮಷೀನಿನ ಸಣ್ಣ ಹೊಲಿಗೆ ಹಾಕಬಾರದು. ಸೊಂಟ, ಪಕ್ಕದ ಜೋಡಣೆಗಳಿಗೆ ಹೊಲಿಗೆಯ ಉದ್ದವನ್ನು ನಾಲ್ಕಕ್ಕೆ ಇಡುತ್ತೇನೆ. ಜಗ್ಗಾಟ ಬೀಳುವ ಕಂಕುಳು, ಪ್ಯಾಂಟಿನ ಹಿಂಬದಿ, ಜೇಬಿನ ಬಾಯಿ ಇವಕ್ಕೆ ಮಾತ್ರ ಸಣ್ಣದು, ಅದೂ ಎರಡೆರಡು ಸಲ. ಕೆಳಮಡಿಕೆಗೆ ಕೈಯಿಂದಲೇ ಹೆಮ್ಮಿಂಗ್. ಸೂಜಿ ಟೆರಿಕಾಟ್‌ಗೆ 14ನೇ ನಂಬರು, ಬೆಲ್ಟ್ ಪಟ್ಟಿಯ ದಪ್ಪ ಪದರುಗಳಿಗೆ 16. ಮೊಂಡಾದ ಸೂಜಿಯಲ್ಲಿ ಹೊಲಿದರೆ ಟೆರಿಕಾಟ್ ಎಳೆ ಜಗ್ಗಿ ಸುಕ್ಕಾಗುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಹೊಡೆದರೂ ಹೋಗುವುದಿಲ್ಲ. ಹೊಸ ಸೂಜಿಗೆ ಕೊಡುವ ಕಾಸು ಉಳಿತಾಯ ಮಾಡುವ ಜಾಗವೇ ಅಲ್ಲ.

ನನ್ನದು ತುಳಿಯುವ ಮಷೀನು, ನಮ್ಮವ್ವ ಕೊಟ್ಟದ್ದು. ಮೋಟಾರ್ ಕೂರಿಸಿಕೋ ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ. ಮೇ ಕೊನೆಯಲ್ಲಿ ಮಧ್ಯಾಹ್ನ ಮೂರು ದಾಟಿತೆಂದರೆ ಮೋಡ ಕಟ್ಟಿ, ಗಾಳಿ ಎದ್ದು, ಕರೆಂಟ್ ಹೋಗುತ್ತದೆ. ಓಣಿಯಲ್ಲಿ ಮಿಕ್ಕ ಕೆಲಸವೆಲ್ಲ ನಿಂತಾಗ ಕಿಟಕಿ ಪಕ್ಕದಲ್ಲಿ ನನ್ನ ಮಷೀನ್ ಓಡುತ್ತಿರುತ್ತದೆ. ಮೋಟಾರ್ ನನಗೆ ಬೇಡ.

ರಜೆಯ ಕೊನೆಯ ಹದಿನೈದು ದಿನ ಮಕ್ಕಳಿಬ್ಬರನ್ನೂ ಮನೆಯಲ್ಲಿ ಇಟ್ಟುಕೊಂಡು ಹೊಲಿಯುವುದು ಸುಲಭವಲ್ಲ. ಅಜ್ಜಿಯ ಊರಿಂದ ಬಂದಿರುತ್ತಾರೆ, ಮಾವಿನಹಣ್ಣು ಮುಗಿಯುತ್ತಾ ಬಂದಿರುತ್ತದೆ, ಬೇಸರ ಶುರುವಾಗಿರುತ್ತದೆ. ಅವರನ್ನು ಆಚೆ ಕಳಿಸುವ ಬದಲು ಕೆಲಸದೊಳಗೆ ಸೇರಿಸಿಕೊಳ್ಳುವುದು ನನ್ನ ಪದ್ಧತಿ. ಮಗನಿಗೆ ಗುಂಡಿ. ನಾಲ್ಕು ತೂತಿನ ಗುಂಡಿಯ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿ, ಆಮೇಲೆ ಕಡ್ಡಿ ಎಳೆದು, ಸಡಿಲಾದ ದಾರಕ್ಕೆ ಬುಡದಲ್ಲಿ ಸುತ್ತು ಹಾಕು ಎಂದು ಕಲಿಸಿದೆ. ಹೀಗೆ ಹೊಲಿದ ಗುಂಡಿಗೆ ಕಾಜಾದ ದಪ್ಪ ಕೂರಲು ಜಾಗ ಸಿಗುತ್ತದೆ, ಕಿತ್ತುಹೋಗುವುದಿಲ್ಲ. ತನ್ನ ಅಂಗಿಯ ಗುಂಡಿಗಳನ್ನೆಲ್ಲ ತಾನೇ ಹೊಲಿದು, ಅಪ್ಪನ ಅಂಗಿಗಳನ್ನೂ ಹುಡುಕಿಕೊಂಡು ಬಂದ.

ಮಗಳಿಗೆ ಕಸೂತಿ ಹಿಡಿಸಿದ್ದು ಈ ರಜೆಯಲ್ಲೇ. ಧಾರವಾಡದಲ್ಲಿ ಹುಟ್ಟಿದ ಹುಡುಗಿಗೆ ಕಸೂತಿಯ ಗವಂತಿ ಹೊಲಿಗೆ ಬರಬೇಕು ಎಂದು ನನಗೆ ಮೊದಲಿನಿಂದಲೂ ಆಸೆ. ಗವಂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ ಖಾಲಿ ಬಿಟ್ಟಲ್ಲೆಲ್ಲ ತುಂಬಬೇಕು. ಮುಗಿದಾಗ ಮುಂದೆ ಹಿಂದೆ ಎರಡೂ ಒಂದೇ. ಗೋಪುರ, ತೇರು, ಆನೆ ಎಲ್ಲ ಆಮೇಲೆ. ಅವಳು ಮಾಡಿದ್ದು ಒಂದು ತುಳಸಿಕಟ್ಟೆ, ಯೂನಿಫಾರ್ಮಿನ ಉಳಿಕೆ ಬಟ್ಟೆಯಲ್ಲಿ ಹೊಲಿದ ಬುತ್ತಿ ಚೀಲದ ಮೇಲೆ. ‘ಅವ್ವಾ, ಒಂದ ಎಳಿ ತಪ್ಪಿದ್ರ ವಾಪಸ್ ಬರೂ ದಾರಿನ ಸಿಗೂದಿಲ್ಲ’ ಎಂದಳು. ಹೌದು, ಅದೇ ಕಸೂತಿ. ಅವಳ ಆಯಿ, ಅಂದರೆ ಅಜ್ಜಿ, ಪಕ್ಕದಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಎಳೆ ಎಣಿಸಿ ಸರಿಮಾಡಿಕೊಟ್ಟರು.

ಚೀಲದ ಜಿಪ್ಪು, ಕೊಡೆ ಈ ಕೆಲಸಗಳೂ ಇದೇ ಹೊತ್ತಿನವು. ಜಿಪ್ಪು ಹಿಂದೆ ತೆರೆದುಕೊಂಡು ಹೋಗುತ್ತಿದ್ದರೆ ಹಲ್ಲು ಹಾಳಾಗಿರುವುದು ಕಡಿಮೆ, ಎಳೆಯುವ ತಲೆ ಸಡಿಲಾಗಿರುತ್ತದೆ. ಇಕ್ಕಳದಿಂದ ಅದರ ಎರಡೂ ಪಕ್ಕ ಮೆಲ್ಲಗೆ ಒತ್ತಿ, ಹಲ್ಲಿಗೆ ಮೇಣದಬತ್ತಿ ಉಜ್ಜಿದರೆ ಹಳೆಯ ಚೀಲವೇ ಇನ್ನೊಂದು ವರ್ಷ ಬರುತ್ತದೆ.

ಇಷ್ಟು ಮುಗಿದ ಮೇಲೆ ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ, ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿಯುವ ಹೊದಿಕೆ, ಕೌದಿ.

ಬೇಸಿಗೆಯಿಡೀ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಗಿಸಲು ಹಾಸಿದ್ದ ಹಳೆಯ ಸೀರೆ, ಧೋತರಗಳು ಆ ಹೊತ್ತಿಗೆ ಬಿಡುವಾಗುತ್ತವೆ. ಬಿಸಿಲು ತಿಂದು, ಒಗೆತ ತಿಂದು ಅವು ಎಷ್ಟು ಮೆತ್ತಗಾಗಿರುತ್ತವೆಂದರೆ ಹೊಸ ಬಟ್ಟೆಯಲ್ಲಿ ಆ ಮೆದು ಎಂದಿಗೂ ಬಾರದು. ಆದರೆ ನೇರವಾಗಿ ಕೌದಿಗೆ ಹಾಕುವಂತಿಲ್ಲ. ಸಂಡಿಗೆಯ ಗಂಜಿ ಎಳೆಯಲ್ಲಿ ಕೂತಿರುತ್ತದೆ, ಅದರ ವಾಸನೆಗೆ ಬೆಳ್ಳಿಹುಳ ಬರುತ್ತವೆ, ಇಲಿಯೂ ಬಿಡುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಎರಡು ನೀರು ತೆಗೆದು, ಕಟಕಟ ಒಣಗಿಸಿಕೊಳ್ಳುತ್ತೇನೆ. ರೋಹಿಣಿ ಮಳೆ ಹಿಡಿಯುವ ಮೊದಲೇ ಇದು ಆಗಬೇಕು. ‘ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ’ ಎಂದು ರೈತರು ಕಾಯುವ ಮಳೆ ಅದು, ನನಗೆ ಮಾತ್ರ ಅರಿವೆ ಒಣಗಿಸಲು ಕೊನೆಯ ಗಡುವು.

ಲೆಕ್ಕ ಸರಳ. ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರು ತುಂಡು ಮಾಡಿದರೆ ಒಂದೊಂದು ಆರು ಅಡಿ. ಅಗಲ ಹೇಗೂ ನಾಲ್ಕು ಅಡಿಗೆ ಹತ್ತಿರ. ಒಂದರ ಮೇಲೊಂದು ಹಾಸಿದರೆ ಒಂದು ಮಗುವಿನ ಕೌದಿಗೆ ಮೂರು ಪದರು ತಯಾರು. ಮಳೆಗಾಲದ ಥಂಡಿಗೆ ಧೋತರದ ಇನ್ನೊಂದು ಪದರು ನಡುವೆ ಸೇರಿಸುತ್ತೇನೆ. ಹತ್ತಿಯ ಜೊತೆ ಪಾಲಿಯೆಸ್ಟರ್ ಸೀರೆ ಬೆರೆಸುವುದಿಲ್ಲ. ಹತ್ತಿ ಬೆವರು ಹೀರುತ್ತದೆ, ಅದು ಹೀರುವುದಿಲ್ಲ, ಒಗೆದಾಗ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಕೌದಿ ಗಂಟುಗಂಟಾಗುತ್ತದೆ. ಜರಿ ಅಂಚಿದ್ದರೆ ಕತ್ತರಿಸಿ ತೆಗೆಯುತ್ತೇನೆ, ಮಕ್ಕಳ ಕೆನ್ನೆಗೆ ಚುಚ್ಚುತ್ತದೆ.

ಈ ಸಲ ಮೇಲ್ಪದರಿಗೆ ಸಿಕ್ಕಿದ್ದು ಅತ್ತಿಯ ಇಳಕಲ್ ಸೀರೆ. ಒಡಲು ಸವೆದಿತ್ತು, ಸೆರಗು ಇನ್ನೂ ಗಟ್ಟಿ. ಇಳಕಲ್‌ನಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ, ನೇಯುವವರು ಎರಡನ್ನೂ ಕೊಂಡಿಗಳಾಗಿ ಸೇರಿಸಿ ನೇಯುತ್ತಾರೆ. ಒಡಲು ಹರಿದ ಮೇಲೂ ಕೆಂಪು ರೇಷ್ಮೆಯ ಸೆರಗು ನಿಲ್ಲುವುದು ಅದಕ್ಕೇ. ಆ ಸೆರಗನ್ನು ಕೌದಿಯ ನಡುವೆ ಕೂರಿಸಿದೆ. ಸುತ್ತಲೂ ಗುಳೇದಗುಡ್ಡದ ಖಣದ ಚೂರುಗಳು, ಹಳೆಯ ಕುಪ್ಪಸಗಳವು. ಮೂಲೆಗಳಿಗೆ ಮುಕ್ಕೋನದ ತುಣುಕು ಇಟ್ಟಿದ್ದೇನೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಗಳ ಮೂಲೆಗೆ ಹೀಗೆ ಪದರು ಪದರಾಗಿ ಮುಕ್ಕೋನ ಹೊಲಿಯುತ್ತಾರೆ, ಫುಲಾ ಎನ್ನುತ್ತಾರೆ. ಅವರ ಕೈಕೆಲಸ ನೋಡಿದಾಗಿನಿಂದ ಬರಿಮೂಲೆಯ ಕೌದಿ ನನಗೆ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ.

ನೆಲ ಗುಡಿಸಿ ಒರೆಸಿ, ಪದರುಗಳನ್ನು ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ ಸುಕ್ಕು ಹೊರಗೆ ತಳ್ಳಬೇಕು. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟ ಮೇಲೆ ನಿಜವಾದ ಹೊಲಿಗೆ ಅಂಚಿನಿಂದ ಶುರು. ದಪ್ಪ ಬಿಳಿ ನೂಲು, ಉದ್ದ ಸೂಜಿ, ಒಂದು ಸಲಕ್ಕೆ ನಾಲ್ಕೈದು ಟಿಪ್ಪು ಏರಿಸಿ ಎಳೆಯುವುದು. ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ಸುತ್ತಿ ಸುತ್ತಿ ಒಳಗೆ ಬರುತ್ತಾ ನಡುವಿಗೆ ಮುಗಿಯುತ್ತದೆ. ಮಷೀನಿನಲ್ಲಿ ಹೊಲಿಯಬಾರದೇ ಎಂದು ಓಣಿಯವರು ಕೇಳುತ್ತಾರೆ. ಹೊಲಿಯಬಹುದು, ಆದರೆ ಮಷೀನಿನ ಬಿಗಿ ಹೊಲಿಗೆ ಹಳೆಯ ಎಳೆಯನ್ನು ಸಾಲಾಗಿ ಕತ್ತರಿಸುತ್ತದೆ, ಕೌದಿ ಒರಟಾಗುತ್ತದೆ. ಕೈಯ ಸಡಿಲ ಹೊಲಿಗೆಗೆ ಬಟ್ಟೆ ಆಡುತ್ತದೆ, ಹೊದ್ದಾಗ ಮೈಗೆ ಬಾಗುತ್ತದೆ. ಒಂದು ಪದರು ಹರಿದರೆ ಅಷ್ಟು ಸಾಲು ಮಾತ್ರ ಬಿಚ್ಚಿ ಹೊಸ ತುಂಡು ಕೂರಿಸಲೂ ಬರುತ್ತದೆ.

ಸಂಜೆ ಕೆಲಸ ಮುಗಿಸಿದ ಓಣಿಯ ಅಕ್ಕಂದಿರು ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು ಕೂರುತ್ತಾರೆ. ಚುರುಮುರಿ, ಚಹಾ, ಮಾತು. ಯಾರ ಸಾಲು ಯಾವುದೆಂದು ಕೌದಿ ನೋಡಿದರೆ ನನಗೆ ಗೊತ್ತಾಗುತ್ತದೆ, ಒಬ್ಬೊಬ್ಬರ ಟಿಪ್ಪು ಒಂದೊಂದು ಉದ್ದ. ಮುಚ್ಚುವ ಮುನ್ನ ಅತ್ತಿ ಕೊನೆಯ ಮೂಲೆಯೊಳಗೆ ಒಂದು ಚೂರು ಬೆಲ್ಲ ಇಡುತ್ತಾರೆ. ‘ಹೊದ್ಕೊಂಡವರು ಉಪವಾಸ ಮಲಗಬಾರದು’ ಎಂದು ಅವರ ಮಾತು. ಇಷ್ಟು ಗಂಜಿ ತೆಗೆದ ಮೇಲೆ ಬೆಲ್ಲ ಯಾಕೆ ಅತ್ತಿ ಎಂದು ಕೇಳುವುದಿಲ್ಲ. ಮೊದಲ ಒಗೆತಕ್ಕೆ ಅದು ಕರಗಿ ಹೋಗುತ್ತದೆ.

ಈ ಕೌದಿ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಸೆರಗು ನನಗೆ ಕೊಡಬೇಕಿತ್ತು ಎಂದು ಮಗಳು, ಗುಂಡಿ ಹೊಲಿದದ್ದು ನಾನು ಎಂದು ಮಗ. ಅಲ್ಲಿಯವರೆಗೆ ಇಬ್ಬರೂ ಅಡ್ಡ ಹಾಕಿಕೊಂಡು ಹೊದ್ದುಕೊಳ್ಳುತ್ತಾರೆ. ಮಗನ ಹೋದ ವರ್ಷದ ಸೀರೆ ಕೌದಿಗೆ ಕಾಲಿನ ಕಡೆ ಒಂದು ಪದರು ಸವೆದಿದೆ. ರೋಹಿಣಿಯ ಹಿಂದೆಯೇ ಬರುವ ಮಿರಗದ ಮಳೆ ಹಿಡಿದು ಮನೆಯಲ್ಲಿ ಕೂರುವ ದಿನ ಬಂದರೆ ಅದನ್ನು ಬಿಚ್ಚಬೇಕು, ಅವನ ಹಳೆಯ ಬಿಳಿ ಅಂಗಿಯ ಬೆನ್ನಿನ ತುಂಡು ಅದಕ್ಕೆಂದೇ ಎತ್ತಿಟ್ಟಿದ್ದೇನೆ.